ಹೋಯ್ ಎಂದವರ ಪೈಕಿ

ಮುಖಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಪ್ರೇಮನಾಥನಿಗೆ ತನ್ನದೇ ದನಿ ಹೊರಗಿನ ಕೋಣೆಯಿಂದ ಕೇಳಿಸಿತು. ಮೊಮ್ಮಗಳು ಅನುಷ್ಕಾ ಮತ್ತೆ ಆ ವಿಡಿಯೊ ಹಾಕಿದ್ದಳು. 'ಸಭಾಪತಿ ಮಹೋದಯ, ಹೀ ಗರ್ದೀ ನಾಹೀ, ಹೇ ತ್ಯಾಂಚ ದುಕಾನ ಆಹೇ.' ಇದು ಗುಂಪಲ್ಲ, ಇದು ಅವರ ಅಂಗಡಿ. ಹೇಳಿದ್ದು ತಾನೇ. ಆದರೂ ಫೋನಿನೊಳಗಿಂದ ಬರುತ್ತಿದ್ದ ಆ ದನಿ ಯಾರೋ ತನಗಿಂತ ಎತ್ತರದ ಮನುಷ್ಯನದ್ದೆಂದು ಅವನಿಗೆ ಅನ್ನಿಸಿತು. ಕೊನೆಗೆ ಸದಸ್ಯರು ಮೇಜು ಬಡಿದ ಸದ್ದು, ಅಲ್ಲಿಗೆ ವಿಡಿಯೊ ಮುಗಿಯಿತು. 'ಅಜ್ಜಾ, ಲೋಕಂ ಸೇವ್ಹ ಕರತಾಯತ!' ಎಂದು ಅನುಷ್ಕಾ ಕೂಗಿದಳು. ಜನ ಅದನ್ನು ತಮ್ಮ ಫೋನಿನಲ್ಲಿ ಇಟ್ಟುಕೊಳ್ಳುತ್ತಿದ್ದಾರಂತೆ. ಪ್ರೇಮನಾಥ ರೇಜರನ್ನು ಕೆನ್ನೆಯ ಮೇಲಿಟ್ಟು ಹಾಗೇ ನಿಂತ. ವಿಡಿಯೊ ಮುಗಿದರೂ ಅವನ ಕಿವಿಯಲ್ಲಿ ಶುಕ್ರವಾರದ ಸಂಜೆ ಮುಗಿದಿರಲಿಲ್ಲ. ಮೇಜು ಬಡಿದಾದ ಮೇಲೆ ಏನಾಯಿತೆಂಬುದು ಫೋನಿನಲ್ಲಿ ಇಲ್ಲ, ಇನ್ನೊಬ್ಬರಿಗೆ ಗೊತ್ತೂ ಇಲ್ಲ. ಇವತ್ತು ಭಾನುವಾರ. ಇನ್ನು ಸ್ವಲ್ಪ ಹೊತ್ತಿಗೆ ವರ್ತಕ ನಗರದ ನಾಕಾದಲ್ಲಿ, ಕೆಲಸಕ್ಕಾಗಿ ಜನ ನಿಲ್ಲುವ ಆ ಚೌಕದಲ್ಲಿ, ಕೂಲಿಯವರು ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡುವವರಿದ್ದರು.

ಶುಕ್ರವಾರ ವಿಧಾನ ಪರಿಷತ್ತಿನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ ಇದ್ದವು. ವಿರೋಧ ಪಕ್ಷದವರು ಬೇರೇನೋ ವಿಷಯಕ್ಕೆ ಸಿಟ್ಟಾಗಿ ಮಧ್ಯಾಹ್ನವೇ ಹೊರನಡೆದಿದ್ದರು. ಉಳಿದವರಿಗೆ ಊರು ಮುಟ್ಟುವ ಅವಸರ. ಅವನ ಪಕ್ಕದ ಸದಸ್ಯ ಮೇಜಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದ. ರಸ್ತೆ, ಚೌಕ ಇವುಗಳ ವ್ಯವಸ್ಥೆಯ ಮಸೂದೆ. ಅದರಲ್ಲೊಂದು ಕಲಮು: ಕೆಲಸ ಹುಡುಕಿಕೊಂಡು ಚೌಕಗಳಲ್ಲಿ ಗುಂಪಾಗಿ ನಿಲ್ಲುವವರನ್ನು ಪಾಲಿಕೆ ಎಬ್ಬಿಸಬಹುದು, ತಾನು ಗೊತ್ತುಮಾಡಿದ ಜಾಗಕ್ಕೆ ಕಳಿಸಬಹುದು. ಆ ಜಾಗ ಎಲ್ಲಿ ಎಂದು ಮಂತ್ರಿಗೂ ತಿಳಿದಿರಲಿಲ್ಲ. ಖಾಡಿಯ ಹಿನ್ನೀರಿನ ಆಚೆಗಂತೂ ಖಂಡಿತ. ಅಲ್ಲಿಗೆ ಯಾವ ಮೇಸ್ತ್ರಿ ಗಾಡಿ ತಿರುಗಿಸಿಕೊಂಡು ಬಂದಾನು? ಇಷ್ಟನ್ನೇ ಪ್ರೇಮನಾಥ ಎದ್ದು ನಿಂತು ಹೇಳಿದ್ದು. ಚೆನ್ನಾಗಿಯೇ ಹೇಳಿದ. ಪರಿಷತ್ತಿಗೆ ಬಂದಾಗಿನಿಂದ ಅಷ್ಟು ಚೆನ್ನಾಗಿ ಅವನು ಮಾತಾಡಿದ್ದೇ ಇಲ್ಲ. ಕೂತ ಮೇಲೆ ಪಕ್ಷದ ಸಚೇತಕ ಮನೀಷ್ ಹಿಂದಿನಿಂದ ಬಾಗಿ ಹೆಗಲು ತಟ್ಟಿದ. 'ಛಾನ್ ಬೋಲ್ಲಾತ, ಸಾಹೇಬ.' ಚೆನ್ನಾಗಿ ಮಾತಾಡಿದಿರಿ ಎಂದು. ಆ ಕೈ ಹೆಗಲ ಮೇಲಿನಿಂದ ಎದ್ದಿತ್ತೋ ಇಲ್ಲವೋ, ಸಭಾಪತಿಗಳು ಕಲಮನ್ನು ಮತಕ್ಕೆ ಹಾಕಿದರು. ಅನುಕೂಲ ಇರುವವರು 'ಹೋಯ್', ಅಂದರೆ ಹೌದು, ಎನ್ನಬೇಕು. 'ಹೋಯ್' ಎಂದಿತು ಸಭೆ. ಆ ಹೋಯ್‌ನೊಳಗೆ ತನ್ನದೂ ಒಂದಿತ್ತೆಂಬುದು ಪ್ರೇಮನಾಥನಿಗೆ ತಿಳಿದದ್ದು ಬಾಯಿ ಮುಚ್ಚಿದ ಮೇಲೆ.

ಪ್ರತಿಕೂಲ ಇರುವವರು 'ನಾಹೀ' ಎನ್ನಬೇಕು. ಹಾಗೆಂದು ಸಭಾಪತಿಗಳು ಕನ್ನಡಕದ ಮೇಲಿನಿಂದ ಸಭೆಯನ್ನು ನೋಡಿದರು. ನೋಡಿದ್ದು ತನ್ನನ್ನೇ ಎಂದು ಈಗ ಅನ್ನಿಸುತ್ತದೆ. ಅವರು ಒಂದು ಉಸಿರಿನಷ್ಟು ಹೊತ್ತು ಕಾದರು. ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಆಗಲಾದರೂ ಅನ್ನಬಹುದಿತ್ತು. ಒಬ್ಬ ಗಟ್ಟಿಯಾಗಿ ನಾಹೀ ಎಂದು, ಹೆಸರು ಹಿಡಿದು ಮತ ಎಣಿಸಿ ಎಂದು ಕೇಳಿದರೆ ಸಾಕಿತ್ತು. ಆದರೆ ಈಗಷ್ಟೇ ಹೋಯ್ ಎಂದ ಬಾಯಿಯಲ್ಲೇ ನಾಹೀ ಅನ್ನುವುದು ಹೇಗೆ, ಪಕ್ಕದವನು ನಗಲಿಕ್ಕಿಲ್ಲವೇ ಎಂಬ ಲೆಕ್ಕಾಚಾರದಲ್ಲಿ ಆ ಉಸಿರು ಮುಗಿದುಹೋಯಿತು. 'ಹೋಯಚೇ ಬಹುಮತ, ಹೋಯಚೇ ಬಹುಮತ.' ಹೌದೆಂದವರದೇ ಬಹುಮತ. ಹೊತ್ತಾಯಿತೆಂದು ಮಸೂದೆಯ ಕೊನೆಯ ಮತವನ್ನು ಸೋಮವಾರಕ್ಕೆ ಇಟ್ಟು ಎಲ್ಲರೂ ಎದ್ದರು. ಧ್ವನಿಮತದಲ್ಲಿ ಯಾರು ಏನೆಂದರೆಂದು ಎಲ್ಲೂ ಬರೆಯುವುದಿಲ್ಲ. ಕಾರಿನಲ್ಲಿ ಠಾಣೆ ನಗರದ ತನ್ನ ಮನೆಗೆ ಬರುವಾಗ ಅದೇ ಅವನಿಗೆ ಸಮಾಧಾನವಾಗಿ ಕಂಡಿತ್ತು. ಮುಲುಂಡ ದಾಟುವ ಹೊತ್ತಿಗೆ ಆ ಸಮಾಧಾನ ಉಳಿದಿರಲಿಲ್ಲ.

'ದಾನೆ ಆಂಡ್?' ಬಚ್ಚಲಿನ ಬಾಗಿಲಲ್ಲಿ ಹೆಂಡತಿ ಜಯಲತಾ ನಿಂತಿದ್ದಳು. ಏನಾಯಿತು ಎಂದು ಕೇಳುವಾಗ ಅವಳಿಗೆ ತುಳುವೇ ಬೇಕು. ಜಗಳಕ್ಕೆ ಮಾತ್ರ ಕನ್ನಡ, ಹಿಂದೆ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದವಳು. ನೊರೆ ಮುಖದ ಮೇಲೆಯೇ ಒಣಗಿದ್ದನ್ನು ನೋಡಿ ಅವಳು ಕೈಯಲ್ಲಿದ್ದ ಇಸ್ತ್ರಿಯ ಅಂಗಿಯನ್ನು ಮೊಳೆಗೆ ಸಿಕ್ಕಿಸಿದಳು. ಎರಡು ದಿನದಿಂದ ನುಂಗಿಕೊಂಡಿದ್ದನ್ನು ಅವನು ಕನ್ನಡಿಗೆ ಹೇಳುವವನಂತೆ ಹೇಳಿದ. ಅವಳು ಕೇಳಿದಳು. ಕೇಳಿ, ಕನ್ನಡಕ್ಕೆ ತಿರುಗಿದಳು.

'ಅಷ್ಟು ಜನರ ಮಧ್ಯೆ ನಿಮ್ಮ ಒಂದು ಹೋಯ್ ಯಾರಿಗೆ ಕೇಳಿದೆ?'

'ನನಗೆ ಕೇಳಿದೆ.'

'ನಿಮಗೆ ಮಾತ್ರ ಅಲ್ವಾ, ಹಾಗಾದ್ರೆ ಬಿಡಿ. ಮಾತಾಡಿದ್ದೀರಲ್ಲ ಅವರ ಪರವಾಗಿ? ಬೇರೆ ಯಾರು ಮಾತಾಡಿದ್ದಾರೆ? ಆ ಪಾಪದವರು ಖುಷಿಯಲ್ಲಿ ಕರೀತಾ ಇದ್ದಾರೆ. ಅಲ್ಲಿ ಹೋಗಿ ಇದನ್ನೆಲ್ಲ ಹೇಳ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಹೂ ತಂದವರ ಕೈಗೆ ಮುಳ್ಳು ಕೊಟ್ಟ ಹಾಗಾಗ್ತದೆ.'

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಂಗಿ ತೊಟ್ಟುಕೊಳ್ಳುವಾಗ ಮನೀಷನ ಫೋನು ಬಂತು. ಅವನ ಮರಾಠಿ ಯಾವಾಗಲೂ ಬೆಣ್ಣೆ. ವಿಡಿಯೊ ನೋಡಿದೆ ಸಾಹೇಬ, ಪಕ್ಷಕ್ಕೂ ಒಳ್ಳೆಯದೇ ಆಯಿತು, ನಮ್ಮಲ್ಲೂ ಬಡವರ ಪರ ಮಾತಾಡುವವರಿದ್ದಾರೆ ಎಂದು ಜನಕ್ಕೆ ತಿಳಿಯಿತು. ಸೋಮವಾರ ಮಾತ್ರ ಸಮಯಕ್ಕೆ ಬಂದು ಕೂತರಾಯಿತು, ಬೇರೇನೂ ಬೇಡ, ಮಸೂದೆಯ ಪರ ಮತ ಹಾಕಬೇಕೆಂದು ಪಕ್ಷದ ವ್ಹಿಪ್ ಇದೆಯಲ್ಲ. ಬರುವ ವರ್ಷದ ಉಮೇದುವಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರಲಿ ಎಂದು ನಾನೇ ಹೇಳುತ್ತಿದ್ದೇನೆ. ಪ್ರೇಮನಾಥ 'ಹೋ, ಹೋ', ಹೌದು ಹೌದು, ಎಂದ. ಫೋನು ಇಟ್ಟ ಮೇಲೆ ತಾನೆಷ್ಟು ಸಲ ಹಾಗೆಂದೆ ಎಂದು ನೆನೆದು ಅವನ ಕಿವಿ ಬಿಸಿಯಾಯಿತು.

ಅಭ್ಯಾಸವೋ ಭಯವೋ? ಲಿಫ್ಟು ಕೆಳಗಿಳಿಯುವಾಗಲೂ ಅದೇ ಪ್ರಶ್ನೆ. ಅಭ್ಯಾಸವೆಂದು ಹೇಳಿಕೊಂಡರೆ ಹಗುರ. ಹದಿನಾಲ್ಕರ ಪ್ರಾಯದಲ್ಲಿ ತಮ್ಮ ಹೋಟೆಲಿನ ಹಣದ ಗಲ್ಲೆಯ ಹಿಂದೆ ಸ್ಟೂಲಿನ ಮೇಲೆ ಕೂರಿಸಿ ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಗಿರಾಕಿಗೆ ಇಲ್ಲ ಅನ್ನಬಾರದು. ಇಡ್ಲಿ ಖಾಲಿಯಾಗಿದೆಯೋ, ಹತ್ತು ಮಿನಿಟು ಅನ್ನು. ಸಾಂಬಾರಿನಲ್ಲಿ ಕೂದಲು ಬಂತು ಎಂದನೋ, ಹೌದು ಸಾಹೇಬ ಅನ್ನು, ಬೇರೆ ಬಟ್ಟಲು ಕೊಡು. ಇಲ್ಲ ಅಂದವನ ಹೋಟೆಲಿನ ಮೆಟ್ಟಿಲು ಗಿರಾಕಿ ಎರಡನೇ ಸಲ ಹತ್ತುವುದಿಲ್ಲ. ಅಪ್ಪ ಸ್ವತಃ ಯಾರಿಗೂ ಇಲ್ಲ ಎಂದದ್ದನ್ನು ಪ್ರೇಮನಾಥ ಕಂಡಿಲ್ಲ, ಅಮ್ಮನ ಹೊರತು. ಹೋಟೆಲಿನಿಂದ ಹೋಟೆಲು ಮಾಲೀಕರ ಸಂಘ, ಸಂಘದಿಂದ ಪಕ್ಷ, ಪಕ್ಷದಿಂದ ಮೇಲ್ಮನೆ. ಎಲ್ಲ ಮೆಟ್ಟಿಲನ್ನೂ ಅವನು ಹತ್ತಿದ್ದು ಹೋ ಅನ್ನುತ್ತಲೇ. ಹಾಗೆ ನೋಡಿದರೆ ಶುಕ್ರವಾರ ಬಾಯಿ ತನ್ನ ಕಸುಬು ತಾನು ಮಾಡಿತು, ಅಷ್ಟೇ. ಆದರೆ ಹೆಗಲ ಮೇಲೆ ಮನೀಷನ ಕೈ ಇಲ್ಲದಿದ್ದರೂ ಬಾಯಿ ಹಾಗೇ ಮಾಡುತ್ತಿತ್ತೇ? ಪಕ್ಕದವನ ನಗೆಗೆ ಹೆದರಿದ್ದು ಯಾವ ಅಭ್ಯಾಸ?

ದಾರಿಯಲ್ಲಿ ತಮ್ಮ ಹೋಟೆಲಿಗೆ ಹೊಕ್ಕ. ಹೊಗಬೇಕಾದ ಕೆಲಸ ಇರಲಿಲ್ಲ, ನಾಕಾ ಮುಟ್ಟುವುದನ್ನು ತಡಮಾಡುವುದಷ್ಟೇ ಬೇಕಿತ್ತು. ಮಗ ರಂಜನ್ ಗಲ್ಲೆಯಿಂದ ಎದ್ದು ಜಾಗ ಬಿಟ್ಟ. ಭಾನುವಾರದ ಜನ ಬಾಗಿಲವರೆಗೆ ನಿಂತಿದ್ದರು. ಪರಿಚಯದ ಗಿರಾಕಿಗಳು ಕೈ ಮುಗಿದರು; ಒಬ್ಬರು ತಮ್ಮ ಟೇಬಲಿನಿಂದಲೇ 'ಆಮದಾರ ಸಾಹೇಬ, ವಿಡಿಯೊ ಪಾಹಿಲಾ!' ಎಂದರು. ಶಾಸಕರ ವಿಡಿಯೊ ನೋಡಿದರಂತೆ. ಪ್ರೇಮನಾಥ ನಕ್ಕ. ನಕ್ಕದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಅಷ್ಟರಲ್ಲಿ ಹೆಂಗಸೊಬ್ಬಳು ಬನ್ಸು ಇದೆಯೇ ಎಂದು ಗಲ್ಲೆಗೆ ಬಂದಳು. ಒಳಗೆ ಬನ್ಸು ಮುಗಿದು ಹೊತ್ತಾಗಿತ್ತು, ಹಿಟ್ಟೂ ಇರಲಿಲ್ಲ. ರಂಜನ್ ತಲೆಯನ್ನೂ ಎತ್ತದೆ 'ದಹಾ ಮಿನಿಟ, ತಾಯಿ' ಎಂದ. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು, ಆಮೇಲೆ ಇಡ್ಲಿ ಹೇಳಿದಳು.

'ಹಿಟ್ಟೇ ಇಲ್ಲವಲ್ಲ, ಹತ್ತು ಮಿನಿಟು ಯಾಕೆ ಹೇಳ್ದಿ?'

'ಅಪ್ಪಾ, ಅವರಿಗೂ ಗೊತ್ತಿರ್ತದೆ ಇಲ್ಲ ಅಂತ. ಮುಖಕ್ಕೆ ಹೊಡೆದ ಹಾಗೆ ಹೇಳಬಾರ್ದು ಅಷ್ಟೇ. ನೀವೇ ಅಲ್ವಾ ಕಲಿಸಿದ್ದು?'

ನಾಕಾದಲ್ಲಿ ಚಹಾ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬೆಳಗಿನ ಹೊತ್ತಿನಲ್ಲಿ ಈ ಫುಟ್‌ಪಾತಿನ ತುಂಬ ಜನ ಇರುತ್ತಾರೆ, ಗಾರೆ ಕರಣೆ, ಸಲಿಕೆ, ಬುತ್ತಿಯ ಚೀಲ ಹಿಡಿದು. ಮೇಸ್ತ್ರಿಗಳು ಬಂದು ಆರಿಸಿಕೊಂಡು ಹೋಗುತ್ತಾರೆ. ಈಗ ಉಳಿದವರು ಇವತ್ತು ಯಾರಿಗೂ ಬೇಡವಾದವರು. ಹೆಚ್ಚಾಗಿ ವಯಸ್ಸಾದವರು, ಹೆಂಗಸರು, ಕೈಗೆ ಪಟ್ಟಿ ಕಟ್ಟಿಕೊಂಡವನೊಬ್ಬ. ಚಂದ್ರಾಮ ಮಾತ್ರ ಬಂದ ಕೆಲಸ ಬಿಟ್ಟು ನಿಂತಿದ್ದ. ಕಲಬುರ್ಗಿ ಕಡೆಯ ಗೌಂಡಿ, ಈ ನಾಕಾದವರಿಗೆಲ್ಲ ಅವನೇ ಹಿರಿಯ. ಮಳೆಗಾಲಕ್ಕೆ ಮುಂಚೆ ಅವನು ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗೆ ಬಂದಾಗ, ಜಯಲತಾ ಕೊಟ್ಟ ಚಹಾ ಕುಡಿಯುತ್ತ 'ನಮ್ಮನ್ನ ಎಬ್ಬಸ್ತಾರಂತ್ರಿ' ಎಂದಾಗ, ಪ್ರೇಮನಾಥ ಎದೆ ತಟ್ಟಿಕೊಂಡು ಹೇಳಿದ್ದ: ಎಲ್ಲರೂ ಹೂಂ ಅಂದರೂ ನಾನೊಬ್ಬ ಬೇಡ ಅಂತೇನೆ, ಹೆಸರು ಬರೆಸ್ತೇನೆ. ಯಾರೂ ಕೇಳದೆ ತಾನಾಗಿಯೇ ಕೊಟ್ಟ ಮಾತು. ಕೊಡುವಾಗ ಎಷ್ಟು ಸುಖವಾಗಿತ್ತು!

'ಬರ್ರಿ ಸಾಹೇಬ್ರ, ಬರ್ರಿ.' ಚಂದ್ರಾಮ ಅವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಫೋನಿಗೆ ಸ್ಪೀಕರು ಜೋಡಿಸಿ ವಿಡಿಯೊ ಹಾಕಿದರು. ಇದು ಗುಂಪಲ್ಲ, ಇದು ಅವರ ಅಂಗಡಿ. ಮರಾಠಿ ಬರುವವರು ಬಾರದವರಿಗೆ ಹೇಳಿದರು, ಚಪ್ಪಾಳೆ ಬಿತ್ತು. ಇಟ್ಟಿಗೆ ಹೊರುವ ಮರಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, 'ನಮ್ಮನ್ನ ಅಂಗಡಿಕಾರ್ರು ಅಂದ್ರಲ್ಲ, ನಮ್ಮಪ್ಪ' ಎಂದಳು. ಚಂದ್ರಾಮ ಕವರಿನಿಂದ ಶಾಲು ತೆಗೆದು ಕೊಡವಿದ. ಮಾವಿನ ಚಿಗುರಿನ ಬಣ್ಣದ ಶಾಲು, ಹೊಸ ಬಟ್ಟೆಯ ಗಂಜಿಯ ವಾಸನೆ. ಪ್ರೇಮನಾಥ ತಲೆ ಬಗ್ಗಿಸಿದ. ಎಷ್ಟು ಶಾಲುಗಳಿಗೆ ಬಗ್ಗಿದ ತಲೆ. ಮನೆಯ ಕಪಾಟಿನಲ್ಲಿ ಇಡಲು ಜಾಗವಿಲ್ಲವೆಂದು ಜಯಲತಾ ಬೈಯುತ್ತಿರುತ್ತಾಳೆ. ಆದರೆ ಇದು ಹೆಗಲ ಮೇಲೆ ಬಿದ್ದಾಗ, ಶುಕ್ರವಾರ ಅದೇ ಹೆಗಲ ಮೇಲಿದ್ದ ಇನ್ನೊಂದು ಕೈಯ ಭಾರ ಅಲ್ಲೇ ಇನ್ನೂ ಇರುವುದು ಅವನಿಗೆ ತಿಳಿಯಿತು. ಮರಗಮ್ಮ ಒಂದು ತೆಂಗಿನಕಾಯಿಯನ್ನು ಅವನ ಕೈಗೆ ಕೊಟ್ಟಳು. ಮಾತಾಡ್ರಿ ಎಂದರು. ಎದ್ದು ನಿಂತ. ಬೇಡ ಮಾರಾಯ್ರೆ ಎಂದ ಜಯಲತಾಳ ಮುಖ ನೆನಪಾಯಿತು. ಎರಡು ಒಳ್ಳೆಯ ಮಾತಾಡಿ, ಕೈ ಮುಗಿದು, ಆಟೊ ಹತ್ತಿದರೆ ಮುಗಿಯಿತು.

'ವಿಡಿಯೊದಲ್ಲಿ ಇರುವುದು ಪೂರ್ತಿ ಅಲ್ಲ' ಎಂದ. ಮುಂದಿನದು ತಡವರಿಸುತ್ತ ಬಂತು. ಮಾತು ಮುಗಿದ ಮೇಲೆ ಮತ ಹಾಕುವುದಿರುತ್ತದೆ, ಅದನ್ನು ಬಾಯಲ್ಲೇ ಕೂಗಿ ಹೇಳುವುದು, ಬೇಕು ಎನ್ನುವವರು ಮೊದಲು, ಬೇಡ ಎನ್ನುವವರು ಆಮೇಲೆ.

ಮರಗಮ್ಮ ನಡುವೆ ಬಾಯಿ ಹಾಕಿದಳು. 'ನೀವು ಬ್ಯಾಡ ಅಂದ್ರಿ ಹೌದಿಲ್ಲೋ?'

'ಇಲ್ಲಮ್ಮ. ನಾನು ಎಲ್ಲರ ಜೊತೆ ಬೇಕು ಅಂದುಬಿಟ್ಟೆ. ಬಾಯಿ ತಪ್ಪಿ ಬಂತು. ತಿದ್ದಿಕೊಳ್ಳಲಿಕ್ಕೆ ಆಗ್ತಿತ್ತು, ಹೆದರಿ ಸುಮ್ಮನೆ ಕೂತೆ.'

ರಸ್ತೆಯಲ್ಲಿ ಬಸ್ಸೊಂದು ಬ್ರೇಕು ಹಾಕಿ ನಿಂತು, ಮತ್ತೆ ಹೊರಟಿತು. ಕೈಗೆ ಪಟ್ಟಿ ಕಟ್ಟಿದ್ದವನು ನಕ್ಕ. ಮತ್ತೊಬ್ಬ 'ದೊಡ್ಡವರ ಮಾತು ಇಷ್ಟ ನೋಡಪ' ಎಂದು ಕುರ್ಚಿ ಹಿಂದೆ ಸರಿಸಿದ. ಪ್ರೇಮನಾಥನಿಗೆ ಮೈಯೆಲ್ಲ ನಾಚಿಕೆಯಾಯಿತು. ಶಾಲೆಯಲ್ಲಿ ಎಲ್ಲರೆದುರು ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗಾಗುವ ನಾಚಿಕೆ. ಆದರೆ ಎರಡು ದಿನದಿಂದ ಕಿವಿಯಲ್ಲಿ ಉಳಿದಿದ್ದ ಆ ಹೋಯ್ ನಿಂತಿತ್ತು.

'ಯಾಕ್ರಿ ಹೆದರ್ಕಿ?' ಮರಗಮ್ಮನ ದನಿಯಲ್ಲಿ ಸಿಟ್ಟಿತ್ತು. 'ನಿಮಗೇನು ಯಾರರೆ ಹೊಡೀತಾರ? ಅರ್ಧ ಪಗಾರಕ್ಕ ಬಾ ಅಂದ್ರ ನಾ ಬ್ಯಾಡ ಅಂತೀನಿ. ಅವತ್ತು ಒಲಿ ಹತ್ತಂಗಿಲ್ಲ ನಮ್ಮನ್ಯಾಗ. ಆದ್ರೂ ಅಂತೀನಿ.'

'ಸುಮ್ನಿರಬೇ' ಎಂದ ಚಂದ್ರಾಮ. ಅವನು ನೆಲ ನೋಡುತ್ತಿದ್ದ. 'ಇನ್ನ ಆಗೇ ಹೋತೇನ್ರಿ ಸಾಹೇಬ್ರ, ಮುಗೀತೇನು?'

'ಇಲ್ಲ, ನಾಳೆ ಕೊನೆಯ ಮತ ಇದೆ. ನಾನೊಬ್ಬ ಬೇಡ ಅಂದ್ರೂ ಅದು ಪಾಸಾಗ್ತದೆ ಚಂದ್ರಾಮ. ಅವರು ಬಹಳ ಜನ ಇದ್ದಾರೆ.'

'ಅದು ಗೊತ್ತೈತ್ರಿ.' ಚಂದ್ರಾಮ ಹತ್ತಿರ ಬಂದ. ಏನು ಮಾಡುತ್ತಾನೆಂದು ಪ್ರೇಮನಾಥನಿಗೆ ಹೊಳೆಯಲಿಲ್ಲ. ಜಾರಿದ ಶಾಲನ್ನು ಸರಿಮಾಡಲು ಬಂದನೆಂದೇ ತಿಳಿದು ಹೆಗಲು ಕೊಟ್ಟ. ಚಂದ್ರಾಮ ಎರಡೂ ಕೈಯಿಂದ ಶಾಲನ್ನು ಎತ್ತಿಕೊಂಡ. 'ತಪ್ಪು ತಿಳೀಬ್ಯಾಡ್ರಿ. ಇದು ನಮ್ಮ ಕಡೆ ಇರ್ಲಿ. ನಾಳೆ ಬ್ಯಾಡ ಅಂದು ಬರ್ರಿ, ಹೊದಸ್ತೀವಿ.'

ಅಂಗಡಿಯಲ್ಲಿ ಮಡಿಸಿದ್ದ ಗೆರೆಗಳು ಇನ್ನೂ ಹಾಗೇ ಇದ್ದವು. ಚಂದ್ರಾಮ ಗೋಡೆಗೆ ಗೆರೆ ಹಿಡಿಯುವಷ್ಟೇ ಗಮನವಿಟ್ಟು ಅವೇ ಗೆರೆಗಳ ಮೇಲೆ ಶಾಲನ್ನು ಮಡಿಸಿದ, ಕವರಿಗೆ ಹಾಕಿದ, ಕವರಿನ ಗುಂಡಿ ಒತ್ತಿದ. ಪ್ರೇಮನಾಥ ಕೈಯಲ್ಲಿದ್ದ ತೆಂಗಿನಕಾಯಿಯನ್ನೂ ಮುಂದೆ ಚಾಚಿದ. ಮರಗಮ್ಮ ಅದನ್ನು ಹಿಂದಕ್ಕೆ ತಳ್ಳಿದಳು. 'ಕಾಯಿ ಒಯ್ರಿ. ಕರದು ಬರಿಗೈಲೆ ಕಳಸ್ಬಾರ್ದು.'

ಕಾಯಿ ಹಿಡಿದುಕೊಂಡು ಅವನು ನಡೆದೇ ಮನೆಗೆ ಬಂದ. ಮನಸ್ಸು ನೋಯುತ್ತಿತ್ತು, ಆದರೆ ಚಂದ್ರಾಮನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಸೋಮವಾರ ಸುಲಭವಾಗುತ್ತಿತ್ತು ಎಂದೂ ಒಮ್ಮೆ ಅನ್ನಿಸಿತು. ಕಪಾಟಿನ ತುಂಬ ಇದ್ದ ಶಾಲುಗಳಲ್ಲಿ ಒಂದನ್ನಾದರೂ ಯಾರಾದರೂ ಹೀಗೆ ಹಿಂದೆ ತೆಗೆದುಕೊಂಡಿದ್ದರೆ ತಾನು ಬೇರೆ ಮನುಷ್ಯನಾಗುತ್ತಿದ್ದೆನೋ ಏನೋ. ಜಯಲತಾ ಬಾಗಿಲು ತೆಗೆದು ಬರಿ ಹೆಗಲನ್ನೂ ಕಾಯಿಯನ್ನೂ ನೋಡಿದಳು. ಎಲ್ಲ ಕೇಳಿಯಾದ ಮೇಲೆ ಕಾಯಿ ಒಡೆದು, ನೀರನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟಳು.

'ನಾಳೆ ಹೇಳಿದ್ರೆ ಸೀಟು ಹೋಗ್ತದಲ್ಲ?'

'ಹೋಗ್ತದೆ.'

'ಹೇಳ್ಲಿಕ್ಕೆ ಆಗ್ತದಾ ನಿಮ್ಮಿಂದ?'

ಅವನು ಲೋಟದ ನೀರನ್ನು ಕುಡಿದ. ಆಗುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಸೋಮವಾರವೂ ವಿರೋಧ ಪಕ್ಷದ ಸಾಲುಗಳು ಖಾಲಿಯೇ. ಮಸೂದೆ ಅಂಗೀಕಾರವಾಗಲಿ ಎಂದು ಮಂತ್ರಿ ಒಂದೇ ಸಾಲಿನಲ್ಲಿ ಹೇಳಿ ಕೂತರು. ಪ್ರೇಮನಾಥ ಎರಡೂ ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದಿದ್ದ. ಅನುಕೂಲ ಇರುವವರು. 'ಹೋಯ್.' ಅವನ ತುಟಿ ಒಂದು ಸಲ ಅದುರಿತು, ದನಿ ಬರಲಿಲ್ಲ. ಪ್ರತಿಕೂಲ ಇರುವವರು. ಸಭಾಪತಿಗಳು ಕಾಗದ ತಿರುವುತ್ತಿದ್ದರು, ಈ ಸಲ ಕಾಯಲೂ ಇಲ್ಲ. 'ನಾಹೀ' ಎಂದು ಯಾರೋ ಒಡಕು ಗಂಟಲಲ್ಲಿ ಹೇಳಿದರು. ಎಲ್ಲರೂ ತಿರುಗಿ ತನ್ನನ್ನೇ ನೋಡಿದಾಗ, ಹೇಳಿದ್ದು ತಾನು, ತಾನು ಎದ್ದು ನಿಂತಿದ್ದೇನೆ ಎಂದು ಪ್ರೇಮನಾಥನಿಗೆ ತಿಳಿಯಿತು. ವಿಡಿಯೊದಲ್ಲಿದ್ದ ಆ ಎತ್ತರದ ಮನುಷ್ಯನ ದನಿ ಅಲ್ಲವೇ ಅಲ್ಲ ಅದು. ಹೆಸರು ಹಿಡಿದು ಮತ ಎಣಿಸಬೇಕೆಂದು ಕೇಳಿದ. ಪಕ್ಕದವನು ನಿಜವಾಗಿಯೂ ನಕ್ಕ. ಸಭಾಪತಿಗಳು ಕನ್ನಡಕ ತೆಗೆದು ಅವನನ್ನು ನೋಡಿದರು, ಆಮೇಲೆ ಗಂಟೆ ಬಾರಿಸಲು ಹೇಳಿದರು. ಹೊರಗಿರುವ ಸದಸ್ಯರನ್ನು ಕರೆಯುವ ಗಂಟೆ. ಅದು ನಿಂತೊಡನೆ ಬಾಗಿಲು ಮುಚ್ಚುತ್ತಾರೆ, ಆಮೇಲೆ ಕೇಳಿದ್ದನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ.

ಗಂಟೆ ಇಡೀ ಕಟ್ಟಡದಲ್ಲಿ ಮೊಳಗತೊಡಗಿತು. ಮನೀಷ್ ಸಾಲುಗಳ ನಡುವೆ ಓಡುತ್ತಲೇ ಬಂದ. ಮುಖದಲ್ಲಿ ನಗು ಇನ್ನೂ ಇತ್ತು, ಬೆಣ್ಣೆ ಇರಲಿಲ್ಲ. ಏನು ಮಾಡುತ್ತಿದ್ದೀರಿ ಸಾಹೇಬ, ಒಬ್ಬರ ಮತದಿಂದ ಏನಾಗುತ್ತದೆ, ಹಿಂದೆ ತೆಗೆದುಕೊಳ್ಳಿ, ಈಗಲೇ ಹೇಳಿ, ನಾನು ಸಂಭಾಳಿಸುತ್ತೇನೆ. ಹಾಗೆಂದು ಅವನು ಪ್ರೇಮನಾಥನ ಹೆಗಲ ಮೇಲೆ ಕೈಯಿಟ್ಟು ಕೆಳಗೆ ಒತ್ತಿದ, ಕೂರಿಸುವವನಂತೆ. ಪ್ರೇಮನಾಥನ ಬಾಯಿಗೆ ಹೋ ಎಂಬುದು ಬಂದೇಬಿಟ್ಟಿತ್ತು. ಮುಖಕ್ಕೆ ಹೊಡೆದ ಹಾಗೆ ಎದುರಿನವನಿಗೆ ಇಲ್ಲ ಅನ್ನುವುದು ಅವನಿಗೆ ಈಗಲೂ ಆಗಲಿಲ್ಲ. ಅವನು ಆ ಕೈಯನ್ನು ಮೆಲ್ಲಗೆ ಹೆಗಲಿನಿಂದ ಎತ್ತಿ ಕೆಳಗಿಟ್ಟ.

'ದಹಾ ಮಿನಿಟ, ಸಾಹೇಬ' ಎಂದ, ಗಲ್ಲೆಯ ಹಿಂದೆ ಕೂತು ಜೀವಮಾನವಿಡೀ ಹೇಳಿದ ಅದೇ ಮರ್ಯಾದೆಯ ದನಿಯಲ್ಲಿ.

ಮನೀಷ್ ಒಂದು ಗಳಿಗೆ ಅವನ ಮುಖ ನೋಡಿದ. ಗಂಟೆ ನಿಂತಿತು. ನೌಕರರು ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಕೊಂಡು ಬಂದರು. ಪ್ರೇಮನಾಥ ಕೂರಲಿಲ್ಲ, ತನ್ನ ಹೆಸರು ಕರೆಯುವುದನ್ನು ಕಾಯುತ್ತ ನಿಂತೇ ಇದ್ದ.